ಕಿಸೆ ಇಲ್ಲದ ಅಂಗಿ

ಜೂನ್ ತಿಂಗಳು ಬಂತೆಂದರೆ ಆನ್‌ಲೈನ್ ಅಂಗಡಿಗಳಲ್ಲಿ ಅಪ್ಪಂದಿರ ಹೆಸರಿನ ಸರಕು ಸಾಲುಗಟ್ಟುತ್ತದೆ. ಫೋಟೊ ಅಚ್ಚಾದ ಮಗ್ಗು, ಹೆಸರು ಕೆತ್ತಿದ ಪೆನ್ನು, ಎದೆಯ ಮೇಲೆ ಇಂಗ್ಲಿಷಿನಲ್ಲಿ ಹೊಗಳಿಕೆ ಬರೆದ ಟೀ-ಶರ್ಟು. ಇವಕ್ಕೆಲ್ಲ ‘ಪರ್ಸನಲೈಸ್ಡ್’ ಉಡುಗೊರೆ ಎಂದು ಹೆಸರು. ಬೆಂಗಳೂರು, ಹೈದರಾಬಾದುಗಳಲ್ಲಿ ನೌಕರಿಗಿರುವ ಮಕ್ಕಳ ಕೈಯಿಂದ ಇವು ಮಾನ್ವಿ ತಾಲ್ಲೂಕಿನ ಕುರ್ಡಿಯಂಥ ಊರಿನ ಮನೆಗಳಿಗೂ ಬರುತ್ತವೆ. ಬಂದವು ಬಳಕೆಗೆ ಬರುವುದು ಕಡಿಮೆ. ಮಗ್ಗು ಗೋಡೆಯ ಗೂಡಿನಲ್ಲಿ ಕೂರುತ್ತದೆ, ಟೀ-ಶರ್ಟು ಟ್ರಂಕಿನ ತಳ ಸೇರುತ್ತದೆ. ಮಕ್ಕಳ ಪ್ರೀತಿ ಅಪ್ಪನಿಗೆ ತಿಳಿಯಲಿಲ್ಲ ಎಂದು ಇದಕ್ಕೆ ಅರ್ಥ ಹಚ್ಚುವುದು ತಪ್ಪು. ಅವನು ಚಹಾವನ್ನು ಬಸಿಗೆ ಸುರುವಿಕೊಂಡು ಕುಡಿಯುವವನು. ಮಗ್ಗಿಗೆ ಬಸಿ ಇಲ್ಲ. ಅವನ ಸಂಸಾರದ ಅರ್ಧ ಕಾಗದಪತ್ರ ಅಂಗಿಯ ಕಿಸೆಯಲ್ಲಿರುತ್ತದೆ. ಟೀ-ಶರ್ಟಿಗೆ ಕಿಸೆ ಇಲ್ಲ.

ಕಿಸೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಭಾಗದ ಹಿರಿಯರು ತೊಡುವ ನೆಹರೂ ಅಂಗಿಗೆ ಎರಡು ಬಗಲಗಿಸೆ, ಜೊತೆಗೆ ಎದೆಗೆ ಹತ್ತಿಕೊಂಡಂತೆ ಒಳಗೊಂದು ಕಿಸೆ. ಬಗಲಗಿಸೆಯಲ್ಲಿ ಎಲೆ-ಅಡಿಕೆಯ ಚಂಚಿ, ಗುಂಡಿ ಒತ್ತುವ ಫೋನು. ಒಳಗಿನದರಲ್ಲಿ ಗೊಬ್ಬರದಂಗಡಿಯ ಚೀಟಿ, ನಾಲ್ಕು ಮಡಿಕೆ ಮಾಡಿದ ಪಹಣಿ, ಬೆವರಿಗೆ ನೆನೆಯದಂತೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಪಾಸ್‌ಬುಕ್ಕು. ಆ ಕಿಸೆಯ ಬಾಯಿ ಕೈ ಹಾಕಿ ಹಾಕಿ ಹಿಂಜಿರುತ್ತದೆ, ತಳಕ್ಕೆ ಎರಡು ಸಲವಾದರೂ ತೇಪೆ ಬಿದ್ದಿರುತ್ತದೆ. ಮಗ್ಗಿನ ಮೇಲೆ ಹೆಸರು ಹಾಕಿಸುವವರಿಗೆ ಅಪ್ಪನ ಹೆಸರು ಗೊತ್ತಿದ್ದರೆ ಸಾಕು. ಅಂಗಿಗೆ ಕಿಸೆ ಇಡಿಸುವವರಿಗೆ ಅವನ ಇಡೀ ದಿನ ಗೊತ್ತಿರಬೇಕು. ಉಡುಗೊರೆ ಅವನದೇ ಎನಿಸುವುದು ಈ ತಿಳಿವಳಿಕೆಯಿಂದ ಎಂಬುದು ನನ್ನ ವಾದ. ಅಂಥ ಉಡುಗೊರೆಯ ಮೇಲೆ ಹೆಸರು ಬರೆಯಬೇಕಾದ ಅಗತ್ಯವೇ ಬೀಳುವುದಿಲ್ಲ.

ಇದಕ್ಕೆ ಮೊದಲು ಏಳುವ ಆಕ್ಷೇಪ, ಅಪ್ಪಂದಿರ ದಿನವೇ ಹೊರಗಿನದು ಎಂಬುದು. ಹೊರಗಿನದು ಹೌದು. 1910ರ ಜೂನ್ 19ರಂದು ಅಮೆರಿಕದ ಸ್ಪೋಕೇನ್ ಪಟ್ಟಣದಲ್ಲಿ ಅದು ಮೊದಲ ಸಲ ನಡೆಯಿತು. ತಾಯಿ ತೀರಿಕೊಂಡ ಮೇಲೆ ಆರು ಮಕ್ಕಳನ್ನು ಸಾಕಿದ ತಂದೆಯನ್ನು ನೆನೆದು ಸೊನೋರಾ ಸ್ಮಾರ್ಟ್ ಡಾಡ್ ಎಂಬ ಮಗಳು ಅದನ್ನು ಶುರು ಮಾಡಿದಳು. ತಂದೆ ಬದುಕಿದ್ದವರು ಕೆಂಪು ಗುಲಾಬಿ, ಇಲ್ಲದವರು ಬಿಳಿ ಗುಲಾಬಿ ಮುಡಿಯಲಿ ಎಂಬುದು ಅವಳ ಬಯಕೆ. ಟೈ, ಪೈಪು ಮಾರುವವರು ಜೊತೆಗೂಡಿದ್ದು ಆಮೇಲೆ. ಅಲ್ಲಿನ ಸರ್ಕಾರದ ಕಾಯಂ ಮನ್ನಣೆ ಸಿಕ್ಕಿದ್ದು 1972ರಲ್ಲಿ. ಹಾಗಾಗಿ ದಿನದ ಹುಟ್ಟಿನಲ್ಲಿ ದೋಷವಿಲ್ಲ. ಆದರೆ ಉಡುಗೊರೆ ಕೊಡುವ ವಿದ್ಯೆಗಾಗಿ ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ಜೂನ್ ಮೂರನೆಯ ಭಾನುವಾರದ ಆಸುಪಾಸಿನಲ್ಲೇ ಹಲವು ವರ್ಷ ನಮ್ಮ ಎತ್ತುಗಳ ಹಬ್ಬ ಕಾರಹುಣ್ಣಿಮೆ ಬರುತ್ತದೆ. 2024ರಲ್ಲೂ 2025ರಲ್ಲೂ ಎರಡಕ್ಕೂ ಒಂದು ವಾರದ ಅಂತರವೂ ಇರಲಿಲ್ಲ. ಆ ಹಬ್ಬಕ್ಕೆ ಮೊದಲಿನ ಸಂತೆಯಲ್ಲಿ ಎತ್ತು ಸಾಕಿದ ರೈತ ಸಾಮಾನು ಆರಿಸುವುದನ್ನು ಗಮನಿಸಬೇಕು. ಮೂಗುದಾಣವನ್ನು ಬೆರಳ ನಡುವೆ ಹೊಸೆದು ನೋಡುತ್ತಾನೆ, ಬಿರುಸಾಗಿದ್ದರೆ ಪಕ್ಕಕ್ಕಿಡುತ್ತಾನೆ, ಏಕೆಂದರೆ ಅದು ಮೂಗು ಕೊಯ್ಯುತ್ತದೆ. ಗೆಜ್ಜೆಸರವನ್ನು ತನ್ನ ಮೊಳಕೈಗೆ ಹಿಡಿದು ಅಳೆಯುತ್ತಾನೆ. ಎಡಗೋಲಿನ ಎತ್ತಿನ ಕೊರಳು ಎಷ್ಟು, ಬಲಗೋಲಿನದು ಎಷ್ಟು ಎಂಬುದು ಆ ಕೈಗೆ ಗೊತ್ತು. ಕೋಡಿಗೆ ಬಳಿಯುವ ಬಣ್ಣವನ್ನೂ ಎತ್ತಿನ ಮೈಬಣ್ಣ ನೋಡಿಯೇ ಆರಿಸುತ್ತಾನೆ. ಮಾತು ಬಾರದ ಜೀವಕ್ಕೆ ಕೊಡುವಾಗ ಅದು ಬಾಯಿಬಿಟ್ಟು ಕೇಳಲಿ ಎಂದು ಕಾಯುವಂತಿಲ್ಲ, ವರ್ಷವಿಡೀ ನೋಡಿದ್ದೇ ಆಧಾರ. ಇಷ್ಟು ಬಲ್ಲವನಿಗೆ ಮಕ್ಕಳು ಕೊಡುವಾಗ ಅವನ ಅಳತೆಯನ್ನೇ ನೋಡದೆ ಕೊಡುವುದು ನನಗೆ ನೋವಿನ ಸಂಗತಿಯಾಗಿ ಕಾಣುತ್ತದೆ. ಎತ್ತು ಮಾರಿ ಟ್ರ್ಯಾಕ್ಟರ್ ತಂದ ಮನೆಗಳಲ್ಲೂ ಆ ಅಪ್ಪನ ಕೈಗೆ ಈ ಅಳತೆ ಮರೆತಿಲ್ಲ.

ನಮ್ಮ ಪುರಾಣದ ಮಕ್ಕಳು ಅಪ್ಪನಿಗೆ ಕೊಟ್ಟದ್ದು ಇನ್ನೊಂದು ತುದಿಯದು. ಪುರು ತನ್ನ ಯೌವನವನ್ನೇ ಯಯಾತಿಗೆ ಕೊಟ್ಟ, ದೇವವ್ರತ ರಾಜ್ಯವನ್ನೂ ಸಂಸಾರವನ್ನೂ ಶಂತನುವಿಗಾಗಿ ಬಿಟ್ಟ. ದೇವವ್ರತನ ಕಥೆಯ ಮೊದಲ ಭಾಗ ನನಗೆ ತುಂಬ ಬೆಲೆಯುಳ್ಳದ್ದು. ಅಪ್ಪ ಮಂಕಾಗಿದ್ದಾನೆ ಎಂದು ಮಗ ಗುರುತಿಸಿದ, ಕೇಳಿದ, ಅಪ್ಪ ಮಾತು ಹಾರಿಸಿದಾಗ ಹಿರಿಯ ಮಂತ್ರಿಯ ಹತ್ತಿರ ಹೋಗಿ ಕಾರಣ ತಿಳಿದುಕೊಂಡ. ಇಲ್ಲಿಯವರೆಗೆ ಅವನು ಎಲ್ಲ ಮಕ್ಕಳಿಗೂ ಮಾದರಿ. ಆಮೇಲೆ ತೆತ್ತ ಬೆಲೆ ಮಾತ್ರ ಅತಿಯಾಯಿತು. ಅದರ ಭಾರ ಮುಂದಿನ ಮೂರು ತಲೆಮಾರು ಹೊತ್ತವು. ಗಿರೀಶ ಕಾರ್ನಾಡರು 1961ರಲ್ಲಿ ಪ್ರಕಟವಾದ ತಮ್ಮ ಮೊದಲ ನಾಟಕ ‘ಯಯಾತಿ’ಯಲ್ಲಿ ಈ ಅತಿಯನ್ನೇ ಪರೀಕ್ಷೆಗೆ ಒಡ್ಡಿದರು. ಪುರುವಿನ ಹೆಂಡತಿ ಚಿತ್ರಲೇಖೆಯನ್ನು ತಂದು, ಮಗನ ದಾನದಿಂದ ಆ ಮನೆಯಲ್ಲಿ ಇನ್ನಾರು ಸುಡುತ್ತಾರೆ ಎಂದು ತೋರಿಸಿದರು. ಅವಳು ವಿಷ ಕುಡಿದ ಮೇಲೆ ಯಯಾತಿ ತನ್ನ ಮುಪ್ಪನ್ನು ವಾಪಸು ಪಡೆಯುತ್ತಾನೆ. ಪಿತೃಋಣ ಎಂಬ ಮಾತು ನಮ್ಮಲ್ಲಿ ಇಷ್ಟು ಆಳವಾಗಿರುವುದರಿಂದ, ಏನು ಕೊಟ್ಟರೂ ಸಾಲದು ಎಂಬ ಅಳುಕು ಮಕ್ಕಳನ್ನು ಬಿಡುವುದಿಲ್ಲ. ಮುಯ್ಯಿ ಎಂಬ ಒಂದೇ ಪದಕ್ಕೆ ಉಡುಗೊರೆ, ತಿರುಗಿ ಕೊಡುವುದು, ಸೇಡು ಎಂಬ ಮೂರೂ ಅರ್ಥ ಕೂಡಿಸಿದ ಭಾಷೆ ನಮ್ಮದು. ಸಾಲ ತೀರಿಸಲು ಹೊರಟವರ ಕಣ್ಣು ಲೆಕ್ಕದ ಮೇಲಿರುತ್ತದೆ, ಮನುಷ್ಯನ ಮೇಲೆ ಇರುವುದಿಲ್ಲ. ದುಬಾರಿ ಫೋನು ತಂದುಕೊಟ್ಟು, ಅದನ್ನು ಬಳಸಲು ಕಲಿಸುವ ಎರಡು ದಿನ ಊರಲ್ಲಿ ಉಳಿಯದ ಮಕ್ಕಳು ಮಾಡುವುದೂ ಇದನ್ನೇ.

ಇನ್ನು ದುಡ್ಡಿನ ಪ್ರಶ್ನೆ. ವಸ್ತು ಏಕೆ, ಫೋನ್‌ಪೇಯಲ್ಲಿ ರೊಕ್ಕ ಹಾಕಿದರೆ ಬೇಕಾದ್ದನ್ನು ಅವನೇ ಕೊಳ್ಳುತ್ತಾನಲ್ಲ ಎನ್ನುವವರಿದ್ದಾರೆ. ದೇವದುರ್ಗದ ಕಡೆಯಿಂದ ಗುಳೆ ಹೋಗಿ ಕಟ್ಟಡದ ಕೆಲಸ ಮಾಡುವ ಮಗ ಕಳಿಸುವ ರೊಕ್ಕದ ಮುಂದೆ ಯಾವ ಉಡುಗೊರೆಯೂ ದೊಡ್ಡದಲ್ಲ. ಅದು ಮನೆಯ ಒಲೆ ಉರಿಸುತ್ತದೆ. ಆದರೆ ಆ ರೊಕ್ಕ ಮನೆಗೆ ಮುಟ್ಟುತ್ತದೆ, ಅಪ್ಪನಿಗೆ ಮುಟ್ಟುವುದು ಅಪರೂಪ. ಜೂನಿನಲ್ಲಿ ಕೈಗೆ ಬಂದದ್ದು ಬೀಜ ಗೊಬ್ಬರಕ್ಕೆ ಹೋಗುತ್ತದೆ, ಉಳಿದರೆ ಹಳೆಯ ಬಾಕಿಗೆ. ತನಗೆಂದು ಒಂದು ಅಂಗಿ ಹೊಲಿಸಿಕೊಳ್ಳುವ ಅಪ್ಪ ಕಡಿಮೆ. ‘ಯಾಕ ರೊಕ್ಕ ಹಾಳ ಮಾಡ್ದಿ’ ಎಂದು ಅವನು ಗದರುವುದೂ ಇದೇ ರೂಢಿಯಿಂದ. ಆ ಗದರಿಕೆಗೆ ಹೆದರಿ ಕೈಬಿಡುವ ಅಗತ್ಯವಿಲ್ಲ. ಇನ್ನೊಂದು ಮಾತನ್ನೂ ಸ್ಪಷ್ಟವಾಗಿ ಹೇಳಬೇಕು. ಕನ್ನಡಕದ ಕಾಲು ಮುರಿದು ದಾರ ಕಟ್ಟಿಕೊಂಡಿದ್ದರೆ ಅದನ್ನು ಮಾಡಿಸಿಕೊಡುವುದು ಉಡುಗೊರೆಯಲ್ಲ, ಕರ್ತವ್ಯ. ಮಾತ್ರೆ, ಆಸ್ಪತ್ರೆ, ಮಾಳಿಗೆ ಸೋರಿದರೆ ರಿಪೇರಿ, ಇವೂ ಅದೇ ಲೆಕ್ಕದವು. ಅವನ್ನು ಹುಟ್ಟುಹಬ್ಬಕ್ಕೋ ಅಪ್ಪಂದಿರ ದಿನಕ್ಕೋ ಕಾಯಿಸಿ ಬಣ್ಣದ ಕಾಗದ ಸುತ್ತಿ ಕೊಡುವುದನ್ನು ನಾನು ಒಪ್ಪಲಾರೆ. ಅವೆಲ್ಲ ಆದ ಮೇಲೆ, ಅವನು ಕೇಳದೇ ಇರುವುದನ್ನು, ಕೇಳಲು ನಾಚುವುದನ್ನು ಕಂಡುಕೊಂಡು ಕೊಡುವುದು ಉಡುಗೊರೆ.

ಹಾಗೆ ಕಂಡುಕೊಳ್ಳುವುದರಲ್ಲಿ ಹೆಣ್ಣುಮಕ್ಕಳು ಮುಂದೆ. ಕೊಡಲು ಅಡ್ಡಿಯೂ ಅವರಿಗೇ ಹೆಚ್ಚು: ಲಗ್ನ ಮಾಡಿ ಕೊಟ್ಟ ಮಗಳಿಂದ ಇಸಕೊಳ್ಳಬಾರದು ಎಂಬ ಸಂಕೋಚ ಹಳೆಯ ತಲೆಯವರಲ್ಲಿ ಇನ್ನೂ ಗಟ್ಟಿಯಾಗಿದೆ. ಪಂಚಮಿಗೆ ಬಂದ ಮಗಳಿಗೆ ಸೀರೆ ಕುಬಸ ಕೊಟ್ಟೇ ಕಳಿಸುವ ಅಪ್ಪ, ಅವಳು ಬಿಚ್ಚಿಟ್ಟ ಗಂಟನ್ನು ಮುಟ್ಟಲು ಹಿಂಜರಿಯುತ್ತಾನೆ. ಈ ಸಂಕೋಚ ಹೋಗಬೇಕು, ಆದರೆ ಜಗಳದಿಂದ ಹೋಗುವಂಥದ್ದಲ್ಲ. ತನ್ನ ಮೈಗಲ್ಲದೆ ಇನ್ನಾರಿಗೂ ಆಗದ ವಸ್ತುವನ್ನು ಅವನು ಬೇಡ ಎನ್ನುವುದು ಕಷ್ಟ. ಅದಕ್ಕೆ ದಾರಿ ಹಬ್ಬ ಮುಗಿಸಿ ಹೊರಡುವಾಗ ಗೂಟಕ್ಕೆ ತೂಗುಹಾಕಿದ ಹಳೆಯ ಅಂಗಿಯೊಂದನ್ನು ಅಳತೆಗೆಂದು ತೆಗೆದುಕೊಳ್ಳುವುದು. ಕಿಸೆಯಲ್ಲಿದ್ದ ಚೀಟಿ, ಪಹಣಿ, ಪಾಸ್‌ಬುಕ್ಕನ್ನು ಒಂದೊಂದಾಗಿ ತೆಗೆದು ಗೂಡಿನಲ್ಲಿಟ್ಟು, ಅಂಗಿಯನ್ನು ಚೀಲದಲ್ಲಿ ಮಡಚಿಕೊಂಡು ಮಾನ್ವಿಯಲ್ಲೋ ರಾಯಚೂರಿನಲ್ಲೋ ಟೇಲರನ ಮುಂದೆ ಹರಡಬೇಕು. ಅವನು ತೋಳು, ಹೆಗಲು, ಉದ್ದ ಅಳೆದುಕೊಂಡು, ಅಂಗಿಯನ್ನು ಒಳಮೊಗವಾಗಿ ತಿರುವಿ ಕೇಳುತ್ತಾನೆ: ‘ಒಳಗಿನ ಕಿಸೆ ಇಷ್ಟ ಆಳ ಇಡ್ಲೇನವ್ವಾ, ಇನ್ನೊಂದೀಟು ಬಿಡ್ಲೇನು?’ ಅದಕ್ಕೆ ಮಗಳ ಹತ್ತಿರ ಉತ್ತರವಿರಬೇಕು.