ನಲವತ್ತೈದು ಪೈಸೆಯ ಭರವಸೆ

2019ರ ಆಗಸ್ಟಿನಲ್ಲಿ ನವಿಲುತೀರ್ಥ ಜಲಾಶಯದಿಂದ ನೀರು ಬಿಟ್ಟಾಗ ಮಲಪ್ರಭೆ ರಾಮದುರ್ಗದ ಓಣಿಗಳಿಗೇ ನುಗ್ಗಿದಳು. ರಸ್ತೆ ಕಡಿದು ಬಸ್ಸುಗಳು ನಿಂತವು. ಅಂಥ ದಿನ ಧಾರವಾಡಕ್ಕೆ ಹೋಗಿ ಬೆಂಗಳೂರಿನ ರೈಲು ಹಿಡಿಯಬೇಕಾದವನ ಕೈಯಲ್ಲಿ ಖಾತ್ರಿ ಟಿಕೆಟ್ ಇದೆ, ಅದರೊಡನೆ ವಿಮೆಯೂ ಇದೆ ಎನ್ನಿ. ರೈಲು ಹೊತ್ತಿಗೆ ಸರಿಯಾಗಿ ಹೋಗಿಬಿಟ್ಟರೆ ಎರಡರಿಂದಲೂ ಅವನಿಗೆ ದಮ್ಮಡಿ ಹುಟ್ಟುವುದಿಲ್ಲ.

ರೈಲು ಟಿಕೆಟ್ಟನ್ನು ಆನ್‌ಲೈನಿನಲ್ಲಿ ಮಾರುವ ಐಆರ್‌ಸಿಟಿಸಿಯ ಐಚ್ಛಿಕ ವಿಮೆ ಇರುವುದು ಅಪಘಾತಕ್ಕೆ. 2016ರಲ್ಲಿ 92 ಪೈಸೆಗೆ ಶುರುವಾದದ್ದು ಈಗ 45 ಪೈಸೆಗೆ ಬಂದು ನಿಂತಿದೆ. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ 10 ಲಕ್ಷ, ಭಾಗಶಃ ವೈಕಲ್ಯಕ್ಕೆ 7.5 ಲಕ್ಷ, ಆಸ್ಪತ್ರೆಗೆ 2 ಲಕ್ಷದವರೆಗೆ. ಈ ಬೆಲೆಗೆ ಇಷ್ಟು ಸರಳ ಕರಾರು ಬೇರೆ ಕಂಡಿಲ್ಲ. ಬೇಡವೆನ್ನಲು ಕಾರಣವೇ ಇಲ್ಲ. ಆದರೆ ಕೌಂಟರಿನಲ್ಲಿ ಸಾಲು ನಿಂತು ಟಿಕೆಟ್ ಕೊಂಡವರಿಗೆ ಇದು ಸಿಗದು. ಮೂರು ತಾಸಿಗಿಂತ ಹೆಚ್ಚು ತಡವಾದ ರೈಲನ್ನು ಹತ್ತದೆ ಬಿಟ್ಟರೆ ಹಣ ಮರಳುವುದು ರೈಲ್ವೆಯ ನಿಯಮದಿಂದ, ವಿಮೆಯಿಂದಲ್ಲ. ಅದಕ್ಕೂ ರೈಲು ಹೊರಡುವ ಮೊದಲೇ ಟಿಡಿಆರ್ ಎಂಬ ಮರುಪಾವತಿ ಅರ್ಜಿ ಹಾಕಬೇಕು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ: ನಾಲ್ಕೂ ಊರಲ್ಲಿ ರೈಲು ನಿಲ್ದಾಣವಿಲ್ಲ. ಇಲ್ಲಿಯವರ ಪ್ರಯಾಣ ಕೆಟ್ಟರೆ ಕೆಡುವುದು ಬಸ್ಸಿನ ದಾರಿಯಲ್ಲಿ, ವಿಮೆಯ ಲೆಕ್ಕ ಶುರುವಾಗುವ ಮುಂಚೆ.

ಖಾಸಗಿ ಕಂಪನಿಗಳ ಪ್ರವಾಸ ವಿಮೆ ವಿಳಂಬ, ರದ್ದತಿ, ತಪ್ಪಿದ ಸಂಪರ್ಕ ಎಲ್ಲಕ್ಕೂ ಹಣ ಕೊಡುವುದಾಗಿ ಹೇಳುತ್ತದೆ. ಒಳಗಿನ ಷರತ್ತು ಓದಿದರೆ, ರದ್ದತಿಗೆ ಸಿಗುವುದು ಸಾಮಾನ್ಯವಾಗಿ ಮೊದಲೇ ಕಟ್ಟಿ ಮರಳಿ ಬಾರದ ಹಣ ಮಾತ್ರ, ಅದೂ ರಸೀದಿ ಇದ್ದರೆ. ತಡವಾದದ್ದಕ್ಕೆ ಸಾರಿಗೆ ಸಂಸ್ಥೆಯ ಪತ್ರ ಬೇಕು. ಮೊದಲ ಇಂತಿಷ್ಟು ತಾಸು ಲೆಕ್ಕಕ್ಕಿಲ್ಲ. ಗೊತ್ತಿದ್ದ ಆಪತ್ತಿಗೂ ಪರಿಹಾರವಿಲ್ಲ. ನದಿಪಾತ್ರದವರಿಗೆ ಡಂಗುರ ಸಾರಿದ ಮೇಲೆ ಕೊಂಡ ಪಾಲಿಸಿ ಆ ಪ್ರವಾಹಕ್ಕೆ ನಿರರ್ಥಕ. ಜೀವ ಉಳಿಸುವ ಎಚ್ಚರಿಕೆಯೇ ಕ್ಲೇಮಿಗೆ ಕುತ್ತು. ಕಂಪನಿಯ ದೃಷ್ಟಿಯಲ್ಲಿ ಇದು ನ್ಯಾಯವೇ, ಉರಿಯುವ ಮನೆಗೆ ಯಾರೂ ವಿಮೆ ಕೊಡುವುದಿಲ್ಲ. ಆದರೆ ಮಾರುವಾಗ ಈ ಮಾತನ್ನು ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಹೇಳಬೇಡವೆ?

ಇನ್ನು ಸವದತ್ತಿಯ ಯಲ್ಲಮ್ಮನ ಗುಡ್ಡದ ಜಾತ್ರೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಕೊಲ್ಹಾಪುರ, ಸಾಂಗಲಿ ಕಡೆಯಿಂದಲೂ ಜನ ಬರುತ್ತಾರೆ. ಕ್ರೂಸರ್ ಗಾಡಿಯ ಮಾಲಕನಿಗೆ ಮುಂಗಡ ಕೊಡುವುದು ಬಾಯಿಮಾತಿನ ಮೇಲೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯ ಉಚಿತ ಬಸ್ಸಿನಲ್ಲಿ ರಾಜ್ಯದ ಹೆಣ್ಣುಮಕ್ಕಳ ಕೈಗೆ ಬರುವುದು ಶೂನ್ಯ ದರದ ಚೀಟಿ. ಅದನ್ನು ಹಿಡಿದು ನಷ್ಟ ಎಷ್ಟೆಂದು ಕೇಳುವುದು ಹೇಗೆ? ನಿಜವಾದ ನಷ್ಟ ತಪ್ಪಿದ ಕೂಲಿ, ಹಳಸಿದ ಬುತ್ತಿ, ಇನ್ನೊಮ್ಮೆ ಗಾಡಿ ಗೊತ್ತು ಮಾಡುವ ಖರ್ಚು. ಇವಕ್ಕೆ ಫಾರಂನಲ್ಲಿ ಜಾಗವಿಲ್ಲ. 2020ರ ಮಾರ್ಚಿನಲ್ಲಿ ಕೋವಿಡ್ ಬಂದು ಗುಡಿಯ ಬಾಗಿಲು ಮುಚ್ಚಿ ತಿಂಗಳುಗಟ್ಟಲೆ ತೆರೆಯಲಿಲ್ಲ. ಸಾಂಕ್ರಾಮಿಕ ರೋಗ ಅನೇಕ ಪಾಲಿಸಿಗಳಲ್ಲಿ ಹೊರಗಿಟ್ಟ ಬಾಬತ್ತು.

ಆದ್ದರಿಂದ ನನ್ನ ತೀರ್ಪು ಒರಟು. ವಿದೇಶದ ಮಕ್ಕಳ ಮನೆಗೆ ಹೊರಟ ಹಿರಿಯರಿಗೆ ಪ್ರವಾಸ ವಿಮೆ ಬೇಕೇ ಬೇಕು, ಮುಖ್ಯವಾಗಿ ಆಸ್ಪತ್ರೆ ಖರ್ಚಿಗೆ. ವಿಮಾನ, ಹೋಟೆಲ್ಲಿಗೆ ಮೊದಲೇ ಹಣ ಕಟ್ಟಿದವರಿಗೂ ಸರಿ. ಜಾತ್ರೆಗೆ ಹೊರಟವರಿಗೆ ಅದನ್ನು ಮಾರುವುದು ವ್ಯರ್ಥ. ಅವರು ಕ್ರೂಸರ್ ಮಾಲಕನಿಂದ ಒಂದು ಸಹಿಯ ಚೀಟಿ ಪಡೆದರೆ ಅದೇ ಹೆಚ್ಚು ಕೆಲಸಕ್ಕೆ ಬಂದೀತು.

ಪಾಲಿಸಿ ಇದ್ದು, ಕಂಪನಿಗೆ ಬರೆದುಕೊಟ್ಟ ದೂರನ್ನು ಅದು ನಿರಾಕರಿಸಿದರೆ, ಇಲ್ಲವೇ ತಿಂಗಳಾದರೂ ಉತ್ತರಿಸದಿದ್ದರೆ, ಬೆಂಗಳೂರಿನ ವಿಮಾ ಲೋಕಪಾಲರಿಗೆ ಶುಲ್ಕವಿಲ್ಲದೆ, ವಕೀಲರಿಲ್ಲದೆ ದೂರು ಕೊಡಬಹುದು. ಆದರೆ ಅಲ್ಲಿ ತೋರಿಸಲು ಕಾಗದ ಬೇಕು. ರಸ್ತೆ ಕಡಿದ ದಿನ ಬಸ್ ಹೊರಡಲಿಲ್ಲವೆಂದು ನಾಲ್ಕು ಸಾಲು ಬರೆದು ಮುದ್ರೆ ಒತ್ತಿಕೊಡುವ ವ್ಯವಸ್ಥೆಯನ್ನು ಈ ನಾಲ್ಕು ಊರಿನ ಬಸ್ ನಿಲ್ದಾಣಗಳಲ್ಲಿ ಮೊದಲು ಮಾಡಲಿ.