ಹುಡುಗಿಯಾದರೂ ಪರವಾಗಿಲ್ಲ

ನನ್ನ ಅಕ್ಕನ ಮನೆ ಸತ್ತೇಗಾಲದಲ್ಲಿದೆ. ಕೆಲವು ವರ್ಷಗಳ ಹಿಂದೆ ಅಕ್ಕನ ಮಗಳು ಕೊಳ್ಳೇಗಾಲದ ಕಾಲೇಜಿಗೆ ಪದವಿಗೆ ಸೇರಿದಳು. ಸೇರಿದ ವರ್ಷವೇ ಐದು ಸಾವಿರ ಮೀಟರ್ ಓಟದಲ್ಲಿ ಗೆದ್ದು ಅಂತರ ಕಾಲೇಜು ಕೂಟಕ್ಕೂ ಹೋಗಿ ಬಂದಳು. ಫಜ್ರ್ ನಮಾಝ್ ಮುಗಿದ ಮೇಲೆ, ಭರಚುಕ್ಕಿ ನೋಡಲು ಬರುವವರ ಕಾರುಗಳ ಸಾಲು ಇನ್ನೂ ಶುರುವಾಗದ ಹೊತ್ತಿನಲ್ಲಿ, ಶಿವನಸಮುದ್ರದ ರಸ್ತೆಯಲ್ಲಿ ಅವಳು ಓಡುತ್ತಿದ್ದಳು. ಹಿಂದೆ ಸೈಕಲ್ಲಿನಲ್ಲಿ ಅವಳ ತಮ್ಮ. ಒಬ್ಬಳೇ ಹೋಗಕೂಡದೆಂಬುದು ಭಾವ ಹಾಕಿದ್ದ ಷರತ್ತು. ಹ್ಯಾಂಡ್‌ಪೋಸ್ಟಿನ ಚಹಾ ಅಂಗಡಿಯಲ್ಲಿ ಕೂತಿದ್ದ ಹಿರಿಯರೊಬ್ಬರು ಒಂದು ದಿನ ನನಗೆ ಹೇಳಿದರು: “ಹುಡುಗಿಯಾದರೂ ಪರವಾಗಿಲ್ಲ, ಚೆನ್ನಾಗಿ ಓಡ್ತಾಳೆ.” ಹೊಗಳಿಕೆಯೆಂದೇ ನಾನು ತಿಳಿದೆ. ಅವರೂ ಹಾಗೆಂದೇ ಹೇಳಿದ್ದರು.

ಇತ್ತೀಚೆಗೆ ಬೆಂಗಳೂರಿನ ಗೆಳೆಯರೊಬ್ಬರು ಕೊಟ್ಟ ಇಂಗ್ಲಿಷ್ ಪುಸ್ತಕದ ಹೆಸರು ನೋಡಿದಾಗ ಆ ಹಿರಿಯರ ಮಾತು ನೆನಪಾಯಿತು. ‘ಗುಡ್ ಫಾರ್ ಎ ಗರ್ಲ್’ ಎಂಬ ಆ ಹೆಸರನ್ನು ಕನ್ನಡಕ್ಕೆ ತಂದರೆ ಹೆಚ್ಚುಕಡಿಮೆ ಅವರ ಮಾತೇ ಆಗುತ್ತದೆ. ಬರೆದವರು ಅಮೆರಿಕದ ದೂರದ ಓಟಗಾರ್ತಿ ಲಾರೆನ್ ಫ್ಲೆಶ್‌ಮನ್. 2023ರಲ್ಲಿ ಪ್ರಕಟವಾದ ಪುಸ್ತಕ ಅದೇ ವರ್ಷ ಬ್ರಿಟನ್ನಿನ ವಿಲಿಯಂ ಹಿಲ್ ಕ್ರೀಡಾ ಪುಸ್ತಕ ಪ್ರಶಸ್ತಿಯನ್ನೂ ಪಡೆಯಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಓದುವಾಗ ಫ್ಲೆಶ್‌ಮನ್ ರಾಷ್ಟ್ರೀಯ ಕಾಲೇಜು ಕೂಟಗಳಲ್ಲಿ ಐದು ಬಾರಿ ಚಾಂಪಿಯನ್ ಆದವರು. 2006 ಮತ್ತು 2010ರಲ್ಲಿ ಅಮೆರಿಕದ ಐದು ಸಾವಿರ ಮೀಟರ್ ಪ್ರಶಸ್ತಿ ಗೆದ್ದವರು. ಆದರೆ ಒಲಿಂಪಿಕ್ಸ್‌ಗೆ ಹೋಗಲಿಲ್ಲ. ಕ್ರೀಡಾಪಟುವಿನ ಆತ್ಮಕಥೆಯೆಂದರೆ ಪದಕದ ಮೆಟ್ಟಿಲಲ್ಲಿ ಮುಗಿಯಬೇಕೆಂದು ನಿರೀಕ್ಷಿಸುವವರಿಗೆ ಇದು ನಿರಾಶೆ ತಂದೀತು. ಹಾಗೆ ಮುಗಿಯದಿರುವುದರಿಂದಲೇ ನನಗೆ ಇದು ಮುಖ್ಯ ಪುಸ್ತಕವಾಗಿ ಕಾಣುತ್ತದೆ.

ಪುಸ್ತಕದ ವಾದ ಸರಳವಾದದ್ದು. ಕಾಲೇಜು ಓಟದ ತರಬೇತಿ ಪದ್ಧತಿಯನ್ನು ಹುಡುಗರ ದೇಹವನ್ನು ಮುಂದಿಟ್ಟುಕೊಂಡು ಕಟ್ಟಲಾಗಿದೆ. ಹದಿನೆಂಟರಿಂದ ಇಪ್ಪತ್ತೆರಡರ ನಡುವೆ ಹುಡುಗನ ಸ್ನಾಯು ಬಲಿಯುತ್ತದೆ, ಅವನು ವರ್ಷದಿಂದ ವರ್ಷಕ್ಕೆ ವೇಗ ಪಡೆಯುತ್ತಾನೆ. ಹುಡುಗಿಯ ದೇಹವೂ ಬೆಳೆಯುತ್ತದೆ, ಆದರೆ ಬೇರೆ ರೀತಿಯಲ್ಲಿ. ಸೊಂಟ ಅಗಲವಾಗುತ್ತದೆ, ಕೊಬ್ಬು ಸೇರುತ್ತದೆ. ಒಂದೆರಡು ವರ್ಷ ಅವಳ ವೇಗ ನಿಂತಲ್ಲೇ ನಿಲ್ಲಬಹುದು, ಇಳಿಯಲೂಬಹುದು. ತಾಳ್ಮೆಯಿಂದ ಕಾದರೆ ಇಪ್ಪತ್ತರ ದಶಕದ ನಡುವಿನಲ್ಲಿ ಅವಳು ಮತ್ತೆ ಏರುತ್ತಾಳೆ. ಆದರೆ ಕಾಲೇಜಿನ ಮೂರು ನಾಲ್ಕು ವರ್ಷಗಳ ಲೆಕ್ಕದಲ್ಲಿ ಕಾಯಲು ಯಾರಿಗೂ ಪುರಸೊತ್ತಿಲ್ಲ. ಅವಳು ಸೋಮಾರಿಯಾದಳು, ದಪ್ಪಗಾದಳು, ತೂಕ ಇಳಿಸಬೇಕು ಎಂಬ ತೀರ್ಪು ಬರುತ್ತದೆ. ಹುಡುಗಿ ಊಟ ಕಡಿಮೆ ಮಾಡುತ್ತಾಳೆ. ಮೊದಲು ಕೆಲವು ತಿಂಗಳು ವೇಗ ಹೆಚ್ಚಿದಂತೆ ಕಾಣುತ್ತದೆ. ಆಮೇಲೆ ಮುಟ್ಟು ನಿಲ್ಲುತ್ತದೆ, ಮೂಳೆ ಸವೆಯುತ್ತದೆ, ಒಂದು ದಿನ ಸೀಳುತ್ತದೆ. ತಂಡದ ಗೆಳತಿಯರು ಹೀಗೆ ಒಬ್ಬೊಬ್ಬರಾಗಿ ಕಳಚಿಕೊಂಡದ್ದನ್ನು ಕಂಡ ಫ್ಲೆಶ್‌ಮನ್, ವೃತ್ತಿಪರ ಓಟಕ್ಕೆ ಬಂದ ಮೇಲೆ ತಾನೂ ಅದೇ ಹಳ್ಳಕ್ಕೆ ಬಿದ್ದದ್ದನ್ನು ಮುಚ್ಚಿಡುವುದಿಲ್ಲ. 2004ರ ಒಲಿಂಪಿಕ್ಸ್ ಆಯ್ಕೆಯ ಹೊತ್ತಿಗೆ ಅವರ ಪಾದದ ಮೂಳೆ ಮುರಿದಿತ್ತು.

ಈ ಪುಟಗಳನ್ನು ಓದುವಾಗ ನನಗೆ ನಾಚಿಕೆಯಾಯಿತು. ನಮ್ಮ ಹುಡುಗಿ ಎರಡನೇ ವರ್ಷದಲ್ಲಿ ನಿಧಾನವಾದಾಗ ಅವಳಿಗೆ ಓಟ ಕಲಿಸುತ್ತಿದ್ದವರು ಹೇಳಿದ್ದೂ ಅದೇ ಮಾತು: ತೂಕ ಇಳಿಸು. ಅವಳು ರಾತ್ರಿಯೂಟ ಬಿಟ್ಟಳು. ರಂಝಾನ್ ಅಲ್ಲದ ತಿಂಗಳಲ್ಲೂ ಹಗಲಿಡೀ ಏನೂ ತಿನ್ನದೆ ಇರುತ್ತಿದ್ದಳೆಂದು ಅಕ್ಕ ಆಮೇಲೆ ಹೇಳಿದಳು. ಈದ್‌ಗೆ ಹೋದಾಗ ತೆಳ್ಳಗಾಗಿದ್ದ ಅವಳನ್ನು ನೋಡಿ, “ಶಹಬ್ಬಾಸ್, ಈಗ ನೀನು ನಿಜವಾದ ಓಟಗಾರ್ತಿ ಹಾಗೆ ಕಾಣ್ತೀಯ” ಎಂದವನು ನಾನು. ಮುಂದಿನ ಕೂಟದ ಹೊತ್ತಿಗೆ ಅವಳ ಮೊಣಕಾಲ ಕೆಳಗಿನ ಮೂಳೆಯಲ್ಲಿ ಸೀಳು ಬಿಟ್ಟಿತ್ತು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ತೀರಾ ಕಡಿಮೆ. ಎಷ್ಟು ತಿಂಗಳಿಂದ ಮುಟ್ಟಾಗಿಲ್ಲವೆಂದು ಆಸ್ಪತ್ರೆಯ ಡಾಕ್ಟರಮ್ಮ ಕೇಳಿದಾಗಲೇ ಮನೆಯವರಿಗೆ ವಿಷಯ ತಿಳಿದದ್ದು. ಅಲ್ಲಿಯತನಕ ಅದನ್ನು ಕೇಳಬೇಕೆಂದು ಯಾರಿಗೂ ಅನಿಸಿರಲಿಲ್ಲ. ಓಟ ಕಲಿಸುತ್ತಿದ್ದವರು ಗಂಡಸು. ಅವರು ಕೇಳುವಂತಿರಲಿಲ್ಲ, ಅವಳು ಹೇಳುವಂತಿರಲಿಲ್ಲ.

ಇದು ಒಬ್ಬ ವ್ಯಕ್ತಿಯ ತಪ್ಪೆಂದು ಬರೆದು ಮುಗಿಸಿಬಿಡುವುದು ಸುಲಭ. ಆದರೆ ಓಡುವ ಹೆಣ್ಣಿನ ಬಗ್ಗೆ ನಾವು ಹೇಳಿಕೊಂಡು ಬಂದ ಕಥೆಗಳಲ್ಲೇ ಈ ತಪ್ಪು ಇದೆ. ಎರಡು ಸಿನಿಮಾಗಳನ್ನು ನೋಡಿ. ನಮ್ಮ ಕೊಡಗಿನ ಅಶ್ವಿನಿ ನಾಚಪ್ಪ ತಾವೇ ನಾಯಕಿಯಾಗಿ ನಟಿಸಿದ ತೆಲುಗಿನ ‘ಅಶ್ವಿನಿ’ ಬಂದದ್ದು 1991ರಲ್ಲಿ. ಓಡುವ ಹುಡುಗಿಯೊಬ್ಬಳು ತೆರೆಯ ಮೇಲೆ ತನ್ನ ಬೆವರಿನಿಂದಲೇ ನಾಯಕಿಯಾದದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಆದರೆ ಅಲ್ಲಿ ತರಬೇತಿಯೆಂದರೆ ಕಟ್ಟುನಿಟ್ಟು, ತರಬೇತುದಾರನೆಂದರೆ ಗದರಿ ಗುರಿ ಮುಟ್ಟಿಸುವ ಗಂಡಸು. ಸಿಳ್ಳೆ ಊದುವವನು ಅವನು, ನೋವು ನುಂಗುವವಳು ಅವಳು. ನಮ್ಮ ಕ್ರೀಡಾ ಸಿನಿಮಾಗಳು ಈ ಅಚ್ಚನ್ನು ಇಂದಿಗೂ ಬಿಟ್ಟಿಲ್ಲ.

ಇನ್ನೊಂದು, 2013ರ ತಮಿಳು ಚಿತ್ರ ‘ಎದಿರ್ ನೀಚ್ಚಲ್’. 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ಸೀಮೆಯಲ್ಲಿ ತಮಿಳು ಚಿತ್ರ ಪರಕೀಯವೇನಲ್ಲ. ಈ ಚಿತ್ರದಲ್ಲಿ ತರಬೇತುದಾರಳೇ ಹೆಣ್ಣು. ಲಿಂಗ ಪರೀಕ್ಷೆಯ ಹೆಸರಿನಲ್ಲಿ ಪದಕ ಕಳೆದುಕೊಂಡ ವಳ್ಳಿ ಎಂಬ ಓಟಗಾರ್ತಿ ಅವಳು. ಪುದುಕ್ಕೋಟ್ಟೈ ಜಿಲ್ಲೆಯ ಶಾಂತಿ ಸೌಂದರರಾಜನ್ ಅವರ ಬದುಕಿನ ನೆರಳು ಆ ಪಾತ್ರದ ಮೇಲಿದೆ. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ಶಾಂತಿ 800 ಮೀಟರ್ ಓಟದಲ್ಲಿ ಗೆದ್ದ ಬೆಳ್ಳಿಯನ್ನು ಲಿಂಗ ಪರೀಕ್ಷೆಯ ನಂತರ ಕಿತ್ತುಕೊಳ್ಳಲಾಯಿತು. ಚಿತ್ರ ಆ ಅನ್ಯಾಯವನ್ನು ಮನಮುಟ್ಟುವಂತೆ ಹೇಳುತ್ತದೆ. ಆದರೆ ವಳ್ಳಿಯ ವಿದ್ಯೆಯೆಲ್ಲ ಕೊನೆಗೆ ಸಲ್ಲುವುದು ಮ್ಯಾರಥಾನ್ ಓಡಲು ಹೊರಟ ನಾಯಕನಿಗೆ. ಅವಳ ನೋವು ಅವನ ಗೆಲುವಿಗೆ ಗೊಬ್ಬರವಾಗುತ್ತದೆ. ನಿಜದ ಬದುಕು ಸಿನಿಮಾಕ್ಕಿಂತ ದೊಡ್ಡದು. ನಿಜದ ಶಾಂತಿ ಇಟ್ಟಿಗೆ ಗೂಡಿನಲ್ಲಿ ಕೂಲಿ ಮಾಡಿದ ಮೇಲೂ ಬೆಂಗಳೂರಿಗೆ ಬಂದು ತರಬೇತಿಯ ಡಿಪ್ಲೊಮಾ ಮುಗಿಸಿ, ತಮ್ಮ ರಾಜ್ಯದ ಮಕ್ಕಳಿಗೆ ಓಟ ಕಲಿಸಿದರು. ಆ ಭಾಗವನ್ನು ಯಾರೂ ಸಿನಿಮಾ ಮಾಡಲಿಲ್ಲ.

ಪತ್ರಿಕೆಗಳ ಪಾಲೂ ಇದರಲ್ಲಿದೆ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಹೆಂಗಸರು ಮೊದಲ ಬಾರಿಗೆ 800 ಮೀಟರ್ ಓಡಿದಾಗ, ಅವರೆಲ್ಲ ಕುಸಿದು ಬಿದ್ದರೆಂದು ವರದಿಗಾರರು ಉತ್ಪ್ರೇಕ್ಷೆ ಮಾಡಿ ಬರೆದರು. ಆ ಓಟವನ್ನೇ ತೆಗೆದುಹಾಕಲಾಯಿತು. ಅದು ಮರಳಿ ಬಂದದ್ದು 1960ರಲ್ಲಿ. ಹೆಂಗಸರ ಮ್ಯಾರಥಾನ್ ಬರಲು 1984 ಆಗಬೇಕಾಯಿತು. ಓಡಬೇಡ ಎಂದವರ ಕಾಲ ಒಂದು. ಓಡು, ಆದರೆ ಹುಡುಗನ ಹಾಗೆ ಓಡು ಎನ್ನುವವರ ಕಾಲ ಇನ್ನೊಂದು. ಅಮೆರಿಕದಲ್ಲಿ 1972ರ ಕಾನೂನು ಕಾಲೇಜುಗಳಲ್ಲಿ ಹೆಣ್ಣುಮಕ್ಕಳ ಕ್ರೀಡೆಗೆ ಸಮಾನ ಅವಕಾಶದ ಬಾಗಿಲು ತೆರೆಯಿತು. ಹಣ ಬಂತು, ಸ್ಕಾಲರ್‌ಶಿಪ್ ಬಂತು. ಮೊರಾಕ್ಕೋದ ನವಾಲ್ ಅಲ್ ಮುತವಕ್ಕಿಲ್ ಅಂಥದೇ ಒಂದು ಅಮೆರಿಕನ್ ವಿಶ್ವವಿದ್ಯಾನಿಲಯಕ್ಕೆ ಹೋಗಿ ತರಬೇತಿ ಪಡೆದು, 1984ರ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಚಿನ್ನ ಗೆದ್ದರು. ಪಿ.ಟಿ. ಉಷಾ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಪದಕ ಕಳೆದುಕೊಂಡದ್ದು ಅದೇ ಓಟದಲ್ಲಿ. ಆದರೆ ಅದೇ ಕಾನೂನು ಬಂದ ಮೇಲೆ ಇನ್ನೊಂದೂ ನಡೆಯಿತು. 1972ರಲ್ಲಿ ಅಲ್ಲಿನ ಕಾಲೇಜುಗಳ ಹೆಣ್ಣುಮಕ್ಕಳ ತಂಡಗಳಿಗೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ತರಬೇತುದಾರರು ಹೆಂಗಸರೇ ಆಗಿದ್ದರು. ಆಮೇಲಿನ ದಶಕಗಳಲ್ಲಿ ಆ ಪಾಲು ಅರ್ಧಕ್ಕಿಂತ ಕೆಳಗಿಳಿಯಿತು. ಸಂಬಳ ಹೆಚ್ಚಾದಂತೆ ಕುರ್ಚಿ ಗಂಡಸರದಾಯಿತು.

ಗಂಡಸು ಕಲಿಸಬಾರದೆಂಬುದು ಫ್ಲೆಶ್‌ಮನ್ ಅವರ ವಾದವಲ್ಲ, ನನ್ನದೂ ಅಲ್ಲ. ಹೆಣ್ಣಿನ ದೇಹದ ಪಾಠ ತರಬೇತಿಯ ಪಾಠಪಟ್ಟಿಯಲ್ಲಿ ಇರಬೇಕೆಂಬುದಷ್ಟೇ ವಾದ. ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲೇ ಹೇಳಿದ್ದಾರೆ: ಖರ್ಚಾಗುವ ಶಕ್ತಿಗೆ ತಕ್ಕಷ್ಟು ಆಹಾರ ಸಿಗದಿದ್ದರೆ ಮುಟ್ಟು, ಮೂಳೆ, ಹೃದಯ, ಮನಸ್ಸು ಎಲ್ಲಕ್ಕೂ ಪೆಟ್ಟು ಬೀಳುತ್ತದೆ. ಹೀಗಿದ್ದರೂ, ಅಮೆರಿಕದ ಮೇರಿ ಕೇನ್ ಎಂಬ ಹದಿಹರೆಯದ ಪ್ರತಿಭೆಯನ್ನು ಅತ್ಯಂತ ಪ್ರಸಿದ್ಧ ತರಬೇತಿ ಕೇಂದ್ರವೊಂದು ತೂಕ ಇಳಿಸೆಂದು ಒತ್ತಾಯಿಸಿ ಹೇಗೆ ಮುರಿದುಹಾಕಿತೆಂಬುದನ್ನು 2019ರಲ್ಲಿ ಆಕೆಯೇ ಹೇಳಿದಾಗ ಮಾತ್ರ ಜಗತ್ತು ಬೆಚ್ಚಿಬಿದ್ದಿತು.

ಇಷ್ಟಾಗಿಯೂ ಈ ಪುಸ್ತಕವನ್ನು ಸತ್ತೇಗಾಲದಲ್ಲಿ ಕೂತು ಓದಿದಾಗ ಅದರ ಅಂಚುಗಳು ಕಾಣಿಸುತ್ತವೆ. ಫ್ಲೆಶ್‌ಮನ್ ಕಾಣುವ ಹುಡುಗಿಯ ಮುಂದೆ ತಟ್ಟೆ ತುಂಬಾ ಊಟವಿದೆ, ಅವಳು ತಿನ್ನಲು ಹೆದರುತ್ತಾಳೆ. ನಮ್ಮಲ್ಲಿ ಬಹಳಷ್ಟು ಹುಡುಗಿಯರ ತಟ್ಟೆ ಮೊದಲೇ ಅರ್ಧ ಖಾಲಿ. ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಣ್ಣುವವಳು ಅವಳು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ. ಇಂಥವಳಿಗೆ ದಿನಕ್ಕೆ ಹತ್ತು ಕಿಲೋಮೀಟರ್ ಓಡು ಎನ್ನುವ ಮೊದಲು ಬೆಳಿಗ್ಗೆ ಏನು ತಿಂದೆ ಎಂದು ಕೇಳಬೇಕಾಗುತ್ತದೆ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆಯ ಬಗ್ಗೆ ಬರೆಯುವವರು ಪದಕಗಳ ಪಟ್ಟಿ ಕೊಡುತ್ತಾರೆ. 2020ರ ಜನವರಿಯಲ್ಲಿ ಅಲ್ಲಿ ನಡೆದ ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಕೂಟದಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಚಾಂಪಿಯನ್ ಆದದ್ದನ್ನು ನೆನೆಯುತ್ತಾರೆ. ನಾನು ಗಮನಿಸುವುದು ಆ ಸಂಸ್ಥೆಯ ಕ್ರೀಡಾ ದತ್ತು ಯೋಜನೆಯನ್ನು. ಓಡುವ ಮಕ್ಕಳಿಗೆ ಊಟ, ವಸತಿ, ಓದು ಉಚಿತ. ಹೊಟ್ಟೆಯ ಚಿಂತೆಯನ್ನು ಮೊದಲು ಇಳಿಸದೆ ವೇಗದ ಮಾತಾಡಲಾಗದು ಎಂಬ ತಿಳಿವಳಿಕೆ ಅದರ ಬುಡದಲ್ಲಿದೆ. ಕೊಳ್ಳೇಗಾಲ, ಹನೂರು, ಯಳಂದೂರಿನ ಹುಡುಗಿಗೆ ಅಂಥ ಏರ್ಪಾಡು ಮನೆಯ ಹತ್ತಿರ ಇಲ್ಲ. ಖೋಖೋ, ಕಬಡ್ಡಿ, ವಾಲಿಬಾಲ್, ಓಟ ಎಲ್ಲಕ್ಕೂ ಕಾಲೇಜಿನಲ್ಲಿ ಒಬ್ಬರೇ ದೈಹಿಕ ಶಿಕ್ಷಣ ನಿರ್ದೇಶಕರಿರುವಾಗ ಒಬ್ಬೊಬ್ಬಳ ಊಟ ವಿಚಾರಿಸಲು ಅವರಿಗಾದರೂ ಹೊತ್ತೆಲ್ಲಿ?

ಬಟ್ಟೆಯ ವಿಷಯದಲ್ಲೂ ಹೀಗೆಯೇ. ಅಗತ್ಯಕ್ಕಿಂತ ಕಡಿಮೆ ಬಟ್ಟೆ ತೊಡಿಸುತ್ತಾರೆಂಬುದು ಅಲ್ಲಿಯ ಓಟಗಾರ್ತಿಯರ ದೂರು. ಅದೇ ಅಮೆರಿಕದ ಒಹಾಯೊದಲ್ಲಿ 2019ರಲ್ಲಿ ನೂರ್ ಅಬುಕರಮ್ ಎಂಬ ಶಾಲಾ ಹುಡುಗಿ ಕ್ರಾಸ್ ಕಂಟ್ರಿ ಓಡಿ ಮುಗಿಸಿದ ಮೇಲೆ, ಹಿಜಾಬ್ ತೊಟ್ಟಿದ್ದಕ್ಕೆ ಅನುಮತಿ ಪತ್ರವಿಲ್ಲವೆಂದು ಅವಳನ್ನು ಫಲಿತಾಂಶದಿಂದ ಕೈಬಿಟ್ಟರು. ಇತ್ತ 1992ರಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಅಲ್ಜೀರಿಯದ ಹಸೀಬಾ ಬೂಲ್‌ಮರ್ಕಾ ಚಡ್ಡಿ ತೊಟ್ಟು ಓಡಿದರೆಂದು ಜೀವ ಬೆದರಿಕೆ ಎದುರಿಸಿದವರು. ಇಬ್ಬರ ಓಟವನ್ನೂ ಬಿಟ್ಟು ಬಟ್ಟೆಯನ್ನು ಮಾತ್ರ ನೋಡಿದವರು ಒಂದೇ ಜಾತಿಯವರು. ಒಳ್ಳೆಯ ತರಬೇತುದಾರ ಕೇಳುವುದು ಒಂದೇ ಪ್ರಶ್ನೆ: ಈ ಬಟ್ಟೆಯಲ್ಲಿ ನಿನಗೆ ಓಡಲು ಸಲೀಸೇ?

ನಮ್ಮ ಸಮುದಾಯದಲ್ಲಿ ಹೆಣ್ಣಿಗೇಕೆ ಓಟ ಎನ್ನುವವರಿಗೆ ಒಂದು ಪ್ರಸಂಗ ನೆನಪಿಸಬೇಕು. ಪ್ರವಾದಿ ಮುಹಮ್ಮದ್(ಸ) ಪ್ರಯಾಣವೊಂದರಲ್ಲಿ ಪತ್ನಿ ಆಯಿಶಾ(ರ) ಅವರೊಂದಿಗೆ ಓಟದ ಪಂದ್ಯ ಕಟ್ಟಿದರು. ಆಯಿಶಾ ಗೆದ್ದರು. ವರ್ಷಗಳ ನಂತರ, ಅವರ ಮೈ ತುಂಬಿಕೊಂಡ ಮೇಲೆ, ಮತ್ತೆ ಓಡಿದಾಗ ಪ್ರವಾದಿಯವರು ಗೆದ್ದು, ಅಂದಿನದಕ್ಕೆ ಇದು ಸಾಟಿಯಾಯಿತೆಂದರು. ಅಬೂ ದಾವೂದ್ ಸಂಗ್ರಹದಲ್ಲಿ ಸ್ವತಃ ಆಯಿಶಾ ಅವರೇ ಇದನ್ನು ಹೇಳಿದ್ದಾರೆ. ಹೆಣ್ಣು ಓಡಬಹುದೆಂಬುದಕ್ಕೆ ಆಧಾರವಾಗಿ ಇದನ್ನು ಎಲ್ಲರೂ ಹೇಳುತ್ತಾರೆ. ನನಗೆ ಕಾಣುವುದು ಇನ್ನೊಂದು. ಮೈ ಬದಲಾದದ್ದನ್ನು ಆಕೆ ಸಂಕೋಚವಿಲ್ಲದೆ ಹೇಳುತ್ತಾರೆ. ಅದಕ್ಕಾಗಿ ಅಲ್ಲಿ ಯಾರೂ ಆಕೆಯನ್ನು ಹೀಯಾಳಿಸುವುದಿಲ್ಲ. ಓಟ ಅಲ್ಲಿ ಪ್ರೀತಿಯ ಆಟವಾಗಿ ಉಳಿದಿದೆ.

ಹಾಗಾದರೆ ಕಾಲೇಜು ಹುಡುಗಿಯರ ದೂರದ ಓಟದ ತರಬೇತಿಯನ್ನು ಅಳೆಯುವುದು ಹೇಗೆ? ಪದಕ ಎಣಿಸುವುದು ಒಂದು ಅಳತೆ. ಮೊದಲ ವರ್ಷ ಓಡಿದವರಲ್ಲಿ ಕೊನೆಯ ವರ್ಷ ಎಷ್ಟು ಮಂದಿ ಇನ್ನೂ ಓಡುತ್ತಿದ್ದಾರೆ, ಎಷ್ಟು ಮಂದಿ ಗಟ್ಟಿಮುಟ್ಟಾಗಿದ್ದಾರೆ ಎಂದು ಕೇಳುವುದು ಇನ್ನೊಂದು. ಫ್ಲೆಶ್‌ಮನ್ ಓಟ ನಿಲ್ಲಿಸುವ ಮೊದಲೇ ಹೆಣ್ಣುಮಕ್ಕಳದೇ ಒಂದು ವೃತ್ತಿಪರ ತಂಡ ಕಟ್ಟಿ ಕಲಿಸಲು ತೊಡಗಿದವರು. ಪುಸ್ತಕದ ಬೆಲೆ ಇರುವುದು ಈ ಎರಡನೇ ಅಳತೆಯನ್ನು ಮುಂದಿಟ್ಟದ್ದರಲ್ಲಿ. ಇದನ್ನು ಪಾಲಿಸಲು ದೊಡ್ಡ ಹಣ ಬೇಕಿಲ್ಲ. ವರ್ಷಕ್ಕೆರಡು ಸಲ ರಕ್ತ ಪರೀಕ್ಷೆ, ಬೆಳಗಿನ ಓಟದ ನಂತರ ಮೊಟ್ಟೆ, ಕಡಲೆ, ಬಾಳೆಹಣ್ಣು, ಹುಡುಗಿಯರು ಮನಬಿಚ್ಚಿ ಮಾತಾಡಬಲ್ಲ ಒಬ್ಬ ಉಪನ್ಯಾಸಕಿ, ಎರಡನೇ ವರ್ಷದಲ್ಲಿ ನಿಧಾನವಾದವಳಿಗೆ ಕಾಯುವ ತಾಳ್ಮೆ. ಈ ಪುಸ್ತಕ ಕನ್ನಡಕ್ಕೆ ಬಂದರೆ ಮೊದಲು ಓದಬೇಕಾದವರು ಓಡುವ ಹುಡುಗಿಯರಲ್ಲ. ಅವರಿಗೆ ಕಲಿಸುವವರು, ಅವರ ಅಪ್ಪಂದಿರು, ನನ್ನಂಥ ಮಾಮಂದಿರು.

ಅಕ್ಕನ ಮಗಳು ಈಗ ಬಿ.ಎಡ್. ಓದುತ್ತಿದ್ದಾಳೆ. ಮೂಳೆ ಕೂಡಿದೆ, ಓಟ ಮಾತ್ರ ಮರಳಲಿಲ್ಲ. ಪುಸ್ತಕವನ್ನು ಅವಳಿಗೇ ಕೊಟ್ಟೆ. ಎರಡು ವಾರ ಬಿಟ್ಟು ಫೋನ್ ಮಾಡಿದಾಗ, “ಓದಿದೆ ಮಾಮೂ. ಇದನ್ನ ಆಗ ಯಾರಾದ್ರೂ ಹೇಳಿದ್ರೆ ಚೆನ್ನಾಗಿತ್ತು” ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಎದುರು ಮನೆಯ ಹುಡುಗಿ ಈ ವರ್ಷ ಕಾಲೇಜು ಸೇರಿ ಓಡಲು ಶುರುಮಾಡಿದ್ದಾಳೆಂದೂ, ಅವಳು ಬೆಳಿಗ್ಗೆ ಏನು ತಿಂದು ಹೋಗುತ್ತಾಳೆಂದು ತಾನು ದಿನವೂ ವಿಚಾರಿಸುತ್ತಿರುವೆನೆಂದೂ ಹೇಳಿದಳು.