ಕನ್ಯಾಶಬ್ದವೂ ಬೈಬಲ್ಲಿನ ಭಾಷಾಂತರವಿವಾದವೂ

1952ನೆಯ ಇಸವಿಯಲ್ಲಿ ಅಮೆರಿಕೆಯ ವಿದ್ವನ್ಮಂಡಲಿಯೊಂದು ಸಿದ್ಧಪಡಿಸಿದ 'ರಿವೈಸ್ಡ್ ಸ್ಟ್ಯಾಂಡರ್ಡ್ ವರ್ಷನ್' ಎಂಬ ಇಂಗ್ಲಿಷ್ ಬೈಬಲ್ಲು ಸಮಗ್ರವಾಗಿ ಪ್ರಕಟವಾದಾಗ, ಉತ್ತರ ಕ್ಯಾರೊಲಿನಾ ಸಂಸ್ಥಾನದ ಪಾದ್ರಿಯೊಬ್ಬರು ಅದರ ಹಾಳೆಯೊಂದನ್ನು ಬಹಿರಂಗವಾಗಿ ಸುಟ್ಟರು. ಆ ಹಾಳೆಯ ಅಪರಾಧವು ಒಂದೇ ಶಬ್ದ. ಪ್ರವಾದಿಯಾದ ಯೆಶಾಯನ ಗ್ರಂಥದ 7ನೆಯ ಅಧ್ಯಾಯ 14ನೆಯ ವಾಕ್ಯದಲ್ಲಿ, ಮಗನನ್ನು ಹೆರಲಿರುವವಳನ್ನು ಕುರಿತು 1611ರ ಜೇಮ್ಸ್ ದೊರೆಯ ಕಾಲದ ಭಾಷಾಂತರವು 'ವರ್ಜಿನ್' ಎಂದರೆ ಪುರುಷಸಂಪರ್ಕವಿಲ್ಲದವಳು ಎಂದಿದ್ದುದನ್ನು, ಹೊಸಬರು 'ಯಂಗ್ ವುಮನ್' ಎಂದರೆ ಯುವತಿ ಎಂದು ತಿದ್ದಿದ್ದರು. ಮತ್ತಾಯನ ಸುವಾರ್ತೆಯು ಯೇಸುವಿನ ಜನನಕ್ಕೆ ಇದೇ ವಾಕ್ಯವನ್ನು ಪ್ರಮಾಣವಾಗಿ ಉದಾಹರಿಸುವುದರಿಂದ, ಶಬ್ದವು ಹೋದರೆ ಸಿದ್ಧಾಂತವೇ ಹೋಯಿತೆಂದು ಶ್ರದ್ಧಾವಂತರು ಕಳವಳಗೊಂಡರು.

ಹಿಬ್ರೂ ಮೂಲದಲ್ಲಿರುವ ಶಬ್ದ 'ಅಲ್ಮಾ'. ಕನ್ಯಾತ್ವವನ್ನು ಹೆಚ್ಚು ಸ್ಪಷ್ಟವಾಗಿ ಸೂಚಿಸುವ 'ಬೆತೂಲಾ' ಎಂಬ ಬೇರೊಂದು ಶಬ್ದ ಆ ಭಾಷೆಯಲ್ಲಿದೆ. ಪ್ರವಾದಿಯು ಅದನ್ನು ಬಳಸಲಿಲ್ಲ. ಆದರೆ ಕ್ರಿಸ್ತನಿಗಿಂತ ಮುಂಚೆಯೇ ಯೆಹೂದ್ಯರು ಗ್ರೀಕಿಗೆ ಪರಿವರ್ತಿಸಿದ 'ಸೆಪ್ಟುವಜಿಂಟ್' ಎಂಬ ಪಾಠದಲ್ಲಿ ಇಲ್ಲಿ 'ಪಾರ್ಥೆನೋಸ್' ಎಂದಿದೆ. ಪ್ರತಿಪಕ್ಷದವರ ಮುಖ್ಯ ಬಲವೇ ಇದು. ಭಾಷಾಂತರಿಸಿದವರು ಕ್ರೈಸ್ತರಲ್ಲವಾದ್ದರಿಂದ ಪಕ್ಷಪಾತದ ಶಂಕೆಗೆ ಎಡೆಯಿಲ್ಲವೆಂಬುದು ಅವರ ವಾದ. ಎರಡನೆಯ ಶತಮಾನದಲ್ಲೇ ಜಸ್ಟಿನನು ಟ್ರೈಫೋ ಎಂಬ ಯೆಹೂದ್ಯನೊಡನೆ ನಡೆಸಿದ ಸಂವಾದಗ್ರಂಥದಲ್ಲಿ ಈ ಚರ್ಚೆ ಬಂದಿದೆ. ವಾದವು ಸಣ್ಣದಲ್ಲ. ಆದರೂ ಅದೇ ಗ್ರೀಕ್ ಪಾಠವು ಆದಿಕಾಂಡದ 34ನೆಯ ಅಧ್ಯಾಯದಲ್ಲಿ ಬಲಾತ್ಕಾರಕ್ಕೊಳಗಾದ ದೀನಳನ್ನು, ಆ ಅನಾಹುತವಾದ ಮೇಲೆಯೂ, ಪಾರ್ಥೆನೋಸ್ ಎಂದೇ ಕರೆದಿರುವುದನ್ನು ನೋಡಿದರೆ, ಆ ಶಬ್ದಕ್ಕೂ ಅಷ್ಟು ಬಿಗಿಯಾದ ಅರ್ಥವಿಲ್ಲವೆಂದು ತೋರುತ್ತದೆ.

ಸಂಸ್ಕೃತಜ್ಞರಿಗೆ ಇದು ಹೊಸ ತೊಡಕಲ್ಲ. ಕನ್ಯೆಯ ಮಗನೆಂಬರ್ಥದಲ್ಲಿ 'ಕಾನೀನ' ಶಬ್ದವನ್ನು ಸಾಧಿಸುವ ಪಾಣಿನೀಯ ಸೂತ್ರದ ಮೇಲೆ (4.1.116) ಭಾಷ್ಯಕಾರನು ಇದೇ ಆಕ್ಷೇಪವನ್ನು ಎತ್ತುತ್ತಾನೆ: ಕನ್ಯೆಯಾದರೆ ಮಗನೆಲ್ಲಿಂದ, ಮಗನಿದ್ದರೆ ಕನ್ಯೆಯೆಂತು? ವಿವಾಹಸಂಬಂಧಪೂರ್ವಕವಾದ ಸಮಾಗಮದಿಂದಲೇ ಆ ಶಬ್ದವು ನಿವೃತ್ತವಾಗುವುದೆಂದೂ, ಅದಕ್ಕೆ ಮುಂಚೆ ಪುರುಷಸಂಗವಾದವಳಲ್ಲಿ ಅದು ನಿಲ್ಲುವುದೆಂದೂ ಅವನ ಸಮಾಧಾನ. ಕುಂತಿಯ ಮಗ ಕರ್ಣನೂ ಸತ್ಯವತಿಯ ಮಗ ವ್ಯಾಸನೂ ಹೀಗೆ ಕಾನೀನರು. ವಯಸ್ಸು, ಅವಿವಾಹ, ಅಕ್ಷತತ್ವ ಈ ಮೂರನ್ನೂ ಒಂದೇ ಶಬ್ದವು ಹೊತ್ತಿರುವ ಭಾಷೆಯಿಂದ, ಅವನ್ನು ಬೇರ್ಪಡಿಸಿರುವ ಭಾಷೆಗೆ ಅರ್ಥವನ್ನು ಸಾಗಿಸುವವನು ಒಂದನ್ನು ಹಿಡಿದು ಉಳಿದುದನ್ನು ಬಿಡಲೇಬೇಕು. ಕನ್ನಡಿಗನಿಗೆ 'ಕನ್ಯೆ' ಎಂಬ ಸೌಕರ್ಯವಿದೆ. ಇಂಗ್ಲಿಷರ 'ಮೇಡನ್' ಬಳಕೆ ತಪ್ಪಿ ಹಳತಾಯಿತು. 'ಯಂಗ್ ವುಮನ್' ವಿವಾಹಿತೆಗೂ ಸಲ್ಲುವುದರಿಂದ ಮೂಲಕ್ಕಿಂತ ವಿಶಾಲವಾಯಿತೆಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಭಾಷಾಂತರಕಾರರು ಸಿದ್ಧಾಂತವನ್ನು ಅಳಿಸಿದರೆಂಬ ದೂಷಣೆ ನಿರಾಧಾರವಾದುದು. ಅಡಿಟಿಪ್ಪಣಿಯಲ್ಲಿ 'ವರ್ಜಿನ್' ಎಂಬ ವಿಕಲ್ಪವನ್ನು ಕೊಟ್ಟಿರುವುದಲ್ಲದೆ, ಮತ್ತಾಯನ ಸುವಾರ್ತೆಯಲ್ಲಿ ಅದೇ ಶಬ್ದವನ್ನು ಮೂಲದಲ್ಲೇ ಉಳಿಸಿದ್ದಾರೆ.

ಪಾಠವಿಚಾರವು ಇದಕ್ಕಿಂತ ಬೇರೆ. ವಾದಿಗಳು ಎರಡನ್ನೂ ಕಲಸಿಬಿಡುವುದರಿಂದಲೇ ಕಲಹವು ಬೆಳೆದಿದೆ. ಯೆಶಾಯನ ವಾಕ್ಯದ ಆ ಶಬ್ದದಲ್ಲಿ ಪಾಠಭೇದವಿಲ್ಲ. 1947ರಲ್ಲಿ ಮೃತಸಮುದ್ರದ ಬಳಿಯ ಗುಹೆಯಲ್ಲಿ ದೊರೆತ ಪ್ರಾಚೀನ ಸುರುಳಿಯಲ್ಲೂ ಅಲ್ಮಾ ಎಂದೇ ಇದೆ. ಯೋಹಾನನ ಮೊದಲ ಪತ್ರದಲ್ಲಿ ಸ್ವರ್ಗದ ಮೂವರು ಸಾಕ್ಷಿಗಳನ್ನು ಹೇಳುವ ವಾಕ್ಯದ ಸ್ಥಿತಿ ಹಾಗಲ್ಲ. ಎರಾಸ್ಮಸನು 1516 ಮತ್ತು 1519ರ ಗ್ರೀಕ್ ಮುದ್ರಣಗಳಲ್ಲಿ ಅದನ್ನು ಬಿಟ್ಟು 1522ರಲ್ಲಿ ಸೇರಿಸಿದನು. ಪ್ರಾಚೀನ ಗ್ರೀಕ್ ಪ್ರತಿಗಳಲ್ಲಿ ಅದಿಲ್ಲ. ಅದನ್ನು ಕೈಬಿಟ್ಟ ಹೊಸಬರನ್ನು ದೇವವಾಕ್ಯವನ್ನು ಕತ್ತರಿಸಿದವರೆನ್ನುವುದು, ಪುಣೆಯ ಭಾಂಡಾರಕರ ಸಂಸ್ಥೆಯ ಮಹಾಭಾರತವು ಗಣಪತಿಯು ಲಿಪಿಕಾರನಾದ ಕಥೆಯನ್ನು ಪರಿಶಿಷ್ಟಕ್ಕೆ ಸರಿಸಿದುದಕ್ಕಾಗಿ ಸಂಪಾದಕರನ್ನು ನಾಸ್ತಿಕರೆಂದಂತೆ.

ಹಾಗೆಂದು ಶ್ರದ್ಧಾವಂತರ ನೋವು ಅಜ್ಞಾನಮಾತ್ರವೂ ಅಲ್ಲ. ಜೆರೋಮನು ಹಿಬ್ರೂವಿನಿಂದ ಲ್ಯಾಟಿನ್ನಿಗೆ ನೇರವಾಗಿ ಭಾಷಾಂತರಿಸುತ್ತ, ಯೋನನ ತಲೆಯ ಮೇಲೆ ನೆರಳಾದ ಸೋರೆಬಳ್ಳಿಯನ್ನು ಐವಿ ಬಳ್ಳಿಯನ್ನಾಗಿ ಮಾಡಿದನು. ಆಫ್ರಿಕದ ಓಯಾ ನಗರದ ಸಭೆಯಲ್ಲಿ ಅದನ್ನೋದಿದಾಗ ಜನರು ಗದ್ದಲವೆಬ್ಬಿಸಿದರೆಂದು ಆಗಸ್ಟಿನನು 403ರ ಸುಮಾರಿನಲ್ಲಿ ಅವನಿಗೆ ಬರೆದ ಪತ್ರದಲ್ಲಿದೆ. (ಅದು ಎರಡೂ ಅಲ್ಲ, ಹರಳುಗಿಡವೆಂದು ಈಗಿನ ಹಲವರ ಮತ.) ತಲೆಮಾರುಗಳಿಂದ ಕಿವಿಯಲ್ಲಿ ನಿಂತ ಮಾತು ಒಂದು ಬೆಳಗ್ಗೆ ಬೇರೆಯಾದರೆ, ಮೂಲಭಾಷೆಯನ್ನರಿಯದ ಭಕ್ತನು ಯಾರನ್ನು ನಂಬಬೇಕು? ಅವನಿಗೆ ಪ್ರತಿಗಳ ಲೆಕ್ಕ ಸಾಲದು. ಎಲ್ಲೆಲ್ಲಿ ಸಂದೇಹವಿದೆಯೋ ಅದನ್ನು ಮುಚ್ಚಿಡಲಿಲ್ಲವೆಂಬ ಭರವಸೆ ಬೇಕು. ಈಗ ನಿರ್ದುಷ್ಟವೆಂದು ಕೆಲವರು ಪೂಜಿಸುವ 1611ರ ಭಾಷಾಂತರವನ್ನೇ ಅದರ ಕಾಲದ ಹಿಬ್ರೂ ಪಂಡಿತ ಬ್ರೌಟನ್ ಕಟುವಾಗಿ ಖಂಡಿಸಿದ್ದನು. ಅದರ ಕರ್ತೃಗಳಾದರೋ, ಸಂದೇಹಸ್ಥಳಗಳಲ್ಲಿ ಅಂಚಿನಲ್ಲಿ ಬೇರೆ ಅರ್ಥವನ್ನು ಬರೆಯುವುದು ಯುಕ್ತವೆಂದು ಪೀಠಿಕೆಯಲ್ಲಿ ಸಮರ್ಥಿಸಿಕೊಂಡಿದ್ದಾರೆ. ಆ ಪೀಠಿಕೆಯನ್ನು ಬಿಟ್ಟು ಅಚ್ಚಾದ ಪ್ರತಿಗಳೇ ಹೆಚ್ಚು.

ವಿವಾದವಿನ್ನೂ ಮುಗಿದಿಲ್ಲ. 'ರಿವೈಸ್ಡ್ ಸ್ಟ್ಯಾಂಡರ್ಡ್ ವರ್ಷನ್'ನ 1971ರ ಪಾಠವನ್ನೇ ತಿದ್ದಿ 2001ರಲ್ಲಿ ಹೊರಟ 'ಇಂಗ್ಲಿಷ್ ಸ್ಟ್ಯಾಂಡರ್ಡ್ ವರ್ಷನ್' ಯೆಶಾಯನಲ್ಲಿ 'ವರ್ಜಿನ್' ಶಬ್ದವನ್ನು ಮರಳಿ ತಂದಿತು; 1970ರಲ್ಲಿ ಆ ಶಬ್ದವನ್ನು ಇಟ್ಟಿದ್ದ ಅಮೆರಿಕೆಯ ಕ್ಯಾಥೊಲಿಕರ ಬೈಬಲ್ಲು 2011ರ ಪರಿಷ್ಕರಣದಲ್ಲಿ 'ಯಂಗ್ ವುಮನ್' ಎಂದು ಬದಲಾಯಿಸಿಕೊಂಡಿತು.